ಸಿಡಿಯುವ ಕೇಕು, ತಡವಾದ ಉತ್ತರ

ಮಂಗಳವಾರ, ಜುಲೈ ೯

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತೂ ಅದೇ ಬರಬಹುದು, ಆದರೆ ಹರಿಯುವುದಿಲ್ಲ.

ನೀನು ಟ್ಯಾಬ್‌ಗಾಗಿ ರೂಪಿಸಿದ ಭಿನ್ನರಾಶಿ ಆಟ ನಮ್ಮ ನಾಲ್ಕನೇ ತರಗತಿಗೆ ಬಂದು ಐದು ವಾರವಾಯಿತು. ಮೊದಲ ದಿನ ಸ್ಟಾಫ್ ರೂಮಿನಲ್ಲೆಲ್ಲ ‘ನನ್ನ ತಂಗಿ ಮಾಡಿದ್ದು’ ಅಂತ ಹೇಳಿಕೊಂಡು ತಿರುಗಿದ್ದೆ. ಸರಿ ಉತ್ತರ ಒತ್ತಿದರೆ ಮೂಲೆಯಲ್ಲೊಂದು ಸಣ್ಣ ನಕ್ಷತ್ರ. ತಪ್ಪು ಒತ್ತಿದರೆ ಕೇಕು ಢಮಾರೆಂದು ಸಿಡಿದು ಪರದೆಯ ಮೇಲಿನ ಮೀಸೆ ಮಾವನ ಮುಖಕ್ಕೆಲ್ಲ ಕೆನೆ. ನೀನೇ ಹೇಳು, ಒಂಬತ್ತು ವರ್ಷದ ಮಕ್ಕಳು ಯಾವುದನ್ನು ಒತ್ತುತ್ತಾರೆ? ಇಡೀ ಕ್ಲಾಸು ಬೇಕಂತಲೇ ತಪ್ಪು ಮಾಡಿ ಬಿದ್ದು ಬಿದ್ದು ನಗುತ್ತದೆ. ನಿಮ್ಮ ಕಂಪನಿಯ ವರದಿ ಮಾತ್ರ ‘ಮಕ್ಕಳು ಪೂರ್ತಿ ತೊಡಗಿಕೊಂಡಿದ್ದಾರೆ’ ಅನ್ನುತ್ತದೆ. ಹೆಡ್ ಮೇಡಂ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ನಾನು ಕಾಗದದ ಮೇಲೆ ಪರೀಕ್ಷೆ ಕೊಟ್ಟರೆ, ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತನಾಲ್ಕು ಮಂದಿ ಅರ್ಧಕ್ಕಿಂತ ಮೂರನೇ ಒಂದು ಭಾಗವೇ ದೊಡ್ಡದು ಅಂತ ಬರೆದರು.

ಎಲ್ಲದಕ್ಕೂ ಯಾಕೆ ಯಾಕೆ ಅನ್ನುವ ಹುಡುಗಿಯೊಬ್ಬಳಿದ್ದಾಳೆ. ‘ಯಾಕಮ್ಮ’ ಅಂತಲೇ ನಾವು ಕರೆಯುವುದು. ಹತ್ತು ಸೆಕೆಂಡಿನ ಗಡಿಯಾರ ಓಡುವಾಗ ಇವಳು ಬೆರಳು ಮಡಚಿಕೊಂಡು ಯೋಚಿಸುತ್ತಿರುತ್ತಾಳೆ. ‘ತಡವಾಯಿತು’ ಅಂತ ಪರದೆಯ ಮೇಲೆ ಬಸವನಹುಳು ಬರುತ್ತದೆ, ಪಕ್ಕದವರು ನಗುತ್ತಾರೆ. ಮೂರನೇ ವಾರಕ್ಕೆ ಅವಳ ಬಾಯಲ್ಲಿ ಯಾಕೆ ಅನ್ನುವುದೇ ನಿಂತುಹೋಯಿತು. ಹೇಗೆ ಉತ್ತರ ಕೊಟ್ಟೆ ಅಂತ ಕೇಳಿದರೆ, “ಯಾವುದೋ ಒಂದು ಒತ್ತಿದೆ ಮಿಸ್. ಯೋಚನೆ ಮಾಡಿದ್ರೆ ಹುಳ ಬರತ್ತೆ” ಅಂದಳು.

ಅವತ್ತೇ ನಿನಗೆ ಫೋನ್ ಮಾಡಿದ್ದು. ನೀನು ಮೀಟಿಂಗಿನಿಂದ ಎದ್ದು ಬಂದು, “ಮಕ್ಕಳು ಆಡ್ತಿದಾರಲ್ಲ ಅಕ್ಕಾ, ಇನ್ನೇನು ಬೇಕು?” ಅಂದೆ.

ನಾನು ಟ್ಯಾಬ್‌ಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದೆ. ಕಾಗದದ ಪಟ್ಟಿ ಕತ್ತರಿಸಿ ಮಕ್ಕಳಿಗೆ ಮಡಚಲು ಕೊಟ್ಟೆ. ಹೆಡ್ ಮೇಡಂ ಕರೆಸಿ, ಹೊಸದು ನಿಮಗೇ ತಲೆಗೆ ಹತ್ತುತ್ತಿಲ್ಲವೇನೋ ಅಂದರು. ಮುಂದಿನ ತಿಂಗಳಿಂದ ನನ್ನ ಗಣಿತದ ಪಿರಿಯಡ್ ಬೇರೆಯವರಿಗಂತೆ. ಇರಲಿ. ಎಂಟನೇ ದಿನ ಯಾಕಮ್ಮ ಪಟ್ಟಿ ಎತ್ತಿ ಹಿಡಿದು, ಕೆಳಗಿನ ಅಂಕಿ ದೊಡ್ಡದಾದಷ್ಟೂ ತುಂಡು ಯಾಕೆ ಚಿಕ್ಕದಾಗತ್ತೆ ಅಂತ ಕೇಳಿದಳು. ಉತ್ತರವನ್ನು ತಾನೇ ಹುಡುಕಿಕೊಳ್ಳಲು ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ನಗಲಿಲ್ಲ.

ಆ ಗಡಿಯಾರ ತೆಗೆಸು ಪುಟ್ಟಿ. ಹುಳುವನ್ನೂ. ಕೇಕು ಸಿಡಿಯಲೇಬೇಕಿದ್ದರೆ ಸರಿ ಉತ್ತರಕ್ಕೆ ಸಿಡಿಯಲಿ. ತಪ್ಪಾದರೆ ತುಂಡು ನಿಜವಾಗಿ ಎಷ್ಟು ದೊಡ್ಡದೆಂದು ತೋರಿಸಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟು ಬೈದರೂ ನಿನ್ನ ಕೈಯಿಂದ ಒಳ್ಳೆಯದೇ ಆಗಲಿ ಅಂತಲೇ ಹಾರೈಸುತ್ತೇನೆ.

ನಿನ್ನ ಅಕ್ಕ

ತಾ.ಕ.: ಟ್ಯಾಬ್‌ಗಳನ್ನು ವಾಪಸು ಕೊಡಲು ನಿನ್ನೆ ಬೀರು ತೆಗೆದಿದ್ದೆ. ಯಾಕಮ್ಮ ಆಟದ ಮೊದಲ ಪರದೆ ತೋರಿಸಿ, “ಮಿಸ್, ‘ಪರಿಶೀಲಿಸಿದ ಶಿಕ್ಷಕಿ’ ಅಂತ ನಿಮ್ಮ ಹೆಸರಿದೆ. ನೀವು ಇದನ್ನ ಆಡಿ ನೋಡಿದ್ರಾ?” ಅಂದಳು. ಹೋದ ವರ್ಷ ನೀನು ನೋಡಿ ಹೇಳೆಂದು ಕಳಿಸಿದಾಗ ನಾನದನ್ನು ತೆರೆದೇ ಇರಲಿಲ್ಲ. ತಂಗಿ ಮಾಡಿದ್ದು ಚೆನ್ನಾಗಿಯೇ ಇರುತ್ತದೆ ಅಂತ ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದ್ದೆ.