ಅಕ್ಷರಗಳ ಕೆಳಗಿನ ಉಬ್ಬು

ಮಾರ್ಚ್ 4, ಬೆಳಿಗ್ಗೆ 6.20
ಈ ಟೈರು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅಂಗೈಯಿಂದ ಟೈರು ಸವರಿ ದೋಷ ಹಿಡಿದವನು ಈಗ ಕುರ್ಚಿಯ ಮೇಲೆ. ಟೈರಿಗೆ ಗಾಳಿ ತುಂಬಿ ತಿರುಗಿಸುತ್ತಾರೆ. ಲೇಸರ್ ಮುಟ್ಟದೆಯೇ ಅದರ ಮೈ ಅಳೆಯುತ್ತದೆ. ಎಲ್ಲಾದರೂ ಉಬ್ಬಿದ್ದರೆ ಕೆಂಪು ದೀಪ. ನಾನು ಎದ್ದು ಹೋಗಿ, ಮುಟ್ಟಿ, ದೋಷ ನಿಜವೋ ಸುಳ್ಳೋ ಎಂದು ಬಟನ್ ಒತ್ತಬೇಕು. ಮೂರು ತಿಂಗಳು ಹೀಗೆ ಯಂತ್ರಕ್ಕೆ ಪಾಠ.

ದಡ್ಡ ಶಿಷ್ಯ. ಟೈರಿನ ಪಕ್ಕದಲ್ಲಿ ಉಬ್ಬಿ ನಿಂತ ಕಂಪನಿಯ ಹೆಸರು ಕಂಡರೂ ಕೆಂಪು.

“ಅಕ್ಷರ ಕಂಡ್ರೆ ಹೆದರೋರು ಮಂತ್ರಿಗಳು ಮಾತ್ರ ಅನ್ಕೊಂಡಿದ್ದೆ ಕಣಮ್ಮಾ,” ಎಂದೆ. ಲೇಸರ್ ಕೂರಿಸಿದ ಇಂಜಿನಿಯರಮ್ಮ ನಕ್ಕಳು.

ಮಾರ್ಚ್ 19
ಎದ್ದು ಹೋಗುವುದು ಬಿಟ್ಟೆ. ಟೈರಿನ ಅಕ್ಷರಗಳಿರುವ ಭಾಗದಲ್ಲಿ ಕೆಂಪು ಬಂದರೆ ಕೂತಲ್ಲೇ ‘ಸುಳ್ಳು’. ಮಡಿಲಲ್ಲಿ ಪುಸ್ತಕ. ಇಂದು ಎಪ್ಪತ್ತು ಪುಟ ಓದಿದೆ. ಯಂತ್ರಕ್ಕೆ ಅಷ್ಟು ಮರ್ಯಾದೆ ಸಾಕು.

ಜೂನ್ 2
ಪಾಠ ಮುಗಿಯಿತು. ಅಕ್ಷರಗಳ ಭಾಗದಲ್ಲಿ ನಾನು ಒಂದನ್ನೂ ‘ನಿಜ’ ಎಂದಿಲ್ಲ. ಹಾಗಾಗಿ ಅಲ್ಲಿ ನೋಡಲೇಬೇಡವೆಂದು ಲೇಸರ್‌ಗೆ ಹೇಳಿದ್ದಾರೆ. ಮ್ಯಾನೇಜರ್ ಕೈ ಕುಲುಕಿದರು. ನಾಳೆಯಿಂದ ಗೋದಾಮು.

ಆಗಸ್ಟ್ 27, ಮಧ್ಯಾಹ್ನ
ಬಸ್ ಡಿಪೋಗೆ ಹೋಗುವ ಟೈರುಗಳು ಲಾರಿಗೆ ಏರುತ್ತಿದ್ದವು. ಅಭ್ಯಾಸ… ಒಂದರ ಮೇಲೆ ಅಂಗೈ ಇಟ್ಟೆ. ಅಕ್ಷರಗಳ ನಡುವೆ ಬೆರಳು ಮೆತ್ತಗೆ ಕುಸಿಯಿತು. ಗಾಳಿ ತುಂಬಿಸಿ ನೋಡಿದೆ — ಉಬ್ಬು. ಒಳಗೆ ತಂತಿಯ ಪದರ ಕೂಡಿಕೊಂಡಿಲ್ಲ. ಓಡಿ ಬಿಸಿಯಾದರೆ ಸಿಡಿಯುತ್ತದೆ.

ನಲವತ್ತರಲ್ಲಿ ನಾಲ್ಕು. ಈಗಾಗಲೇ ಎಷ್ಟು ಲಾರಿ ಹೋಗಿವೆಯೋ.

ಮಾರ್ಚ್‌ನಲ್ಲಿ ಒಮ್ಮೆ ಎದ್ದು ಹೋಗಿ ಮುಟ್ಟಿದ್ದರೆ.

ಆಗಸ್ಟ್ 28
ಮ್ಯಾನೇಜರ್ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದರು. “ಆರು ಸಾವಿರ ಸಲ ‘ಸುಳ್ಳು’ ಒತ್ತಿದ್ದೀರಿ. ಈಗ ನಿಜ ಅಂತೀರಾ?”

“ಮುಟ್ಟಿ ನೋಡ್ಲಿಲ್ಲ ಸಾರ್. ತಪ್ಪು ನಂದೇ. ಬರೆದು ಕೊಡ್ತೀನಿ. ಲಾರಿ ನಿಲ್ಸಿ, ಹೋದದ್ದು ವಾಪಸ್ ತರಿಸಿ.”

“ಬರೆದು ಕೊಟ್ರೆ ನೀವು ಮನೆಗೆ. ಲಾರಿ ಡಿಪೋಗೇ.”

ಬರೆದುಕೊಟ್ಟೆ. ಹಿಂದೆ ಕಾರ್ಖಾನೆಯ ಬಾಯ್ಲರ್ ಸಿಡಿದಾಗ ತನಿಖೆಯ ವರದಿ ಸತ್ತ ಕಾರ್ಮಿಕನದೇ ತಪ್ಪು ಎಂದಿತ್ತು. ಖಂಡಿಸಿ ಪತ್ರಿಕೆಗೆ ಮೂರು ಪತ್ರ ಬರೆದಿದ್ದೆ. ಈ ಸಲ ವರದಿ ಬರೆಯುವವರಿಗೆ ಶ್ರಮವೇ ಇಲ್ಲ.

ಸೆಪ್ಟೆಂಬರ್ 5
ಕೆಲಸದಿಂದ ತೆಗೆದರು. ಹೆಂಡತಿ ಕಾಗದ ಓದಿ ಮಡಚಿಟ್ಟಳು. “ಊರಿನೋರ ಮೇಲೆಲ್ಲಾ ಪತ್ರ ಬರೆದು ಬೈತಿದ್ರಲ್ಲ. ನಿಮಗೂ ಒಂದು ಬರ್ಕೊಳ್ಳಿ.” ಆಮೇಲೆ ಅಡುಗೆಮನೆಯಲ್ಲಿ ಅತ್ತಳು.

ಡಿಪೋಗೆ ಹೋದೆ. ಅಧಿಕಾರಿ ಫೈಲಿನಿಂದ ತಲೆ ಎತ್ತಲಿಲ್ಲ. “ಲೇಸರ್ ಪಾಸ್ ಮಾಡಿದ ಸರ್ಟಿಫಿಕೇಟ್ ಇದೆ. ನಿಮ್ಮ ಅಂಗೈಗೆ ಸರ್ಟಿಫಿಕೇಟ್ ಇದ್ಯಾ?”

ಸೆಪ್ಟೆಂಬರ್ 16, ಸಂಜೆ
ಹತ್ತು ದಿನದಿಂದ ಬಸ್ ನಿಲ್ದಾಣದಲ್ಲಿ ಚಕ್ರ ಸವರುವುದೇ ಕೆಲಸ. ಇವತ್ತು ಸಿಕ್ಕಿತು. ಶಾಲೆಯ ದಾರಿಯ ಬಸ್ಸು, ಎಡಗಡೆಯ ಮುಂದಿನ ಚಕ್ರ.

“ಏನ್ ಯಜಮಾನ್ರೇ, ಬಸ್ಸಿಗೆ ನಾಡಿ ನೋಡ್ತಿದ್ದೀರಾ?” ಎಂದ ಡ್ರೈವರ್. ಅವನ ಕೈ ಹಿಡಿದು ಉಬ್ಬಿನ ಮೇಲೆ ಇರಿಸಿದೆ. ನಗು ನಿಂತಿತು.

“ಡಿಪೋದಲ್ಲಿ ಹೇಳ್ತೀನಿ. ಬದಲಾಯಿಸ್ದಿದ್ರೆ ನಾನೇನ್ ಮಾಡ್ಲಿ? ಬಸ್ ಹೊರಡಿಸಲ್ಲ ಅಂದ್ರೆ ನನ್ನನ್ನೇ ಬದಲಾಯಿಸ್ತಾರೆ.”

ಸೆಪ್ಟೆಂಬರ್ 17, ಬೆಳಿಗ್ಗೆ 8.05
ಬಂತು. ಅದೇ ಟೈರು. ಉಬ್ಬು ನಿನ್ನೆಗಿಂತ ದೊಡ್ಡದು. ಡ್ರೈವರ್ ಬೇರೆ.

ಚಕ್ರದ ಮುಂದೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಹಾರನ್. “ಹುಚ್ಚು ಕಣ್ರೀ, ಎಳೆದು ಹಾಕಿ!” — ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ಮಕ್ಕಳು ಹತ್ತುತ್ತಲೇ ಇದ್ದಾರೆ. ಇಳಿಯಿರಿ ಎಂದು ಕೂಗಿದೆ. ಕಿಟಕಿಯಿಂದ ಒಬ್ಬಳು ಕೈ ಬೀಸಿದಳು. ಇಬ್ಬರು ಬಂದು ನನ್ನ ತೋಳು ಹಿಡಿದು—