ನಾನು ಹಾಕದ ಸಹಿ

ಚೆಸ್ಟರ್ ಕೌಂಟಿ, ಪೆನ್ಸಿಲ್ವೇನಿಯಾ
ಮೇ ೧೪, ೧೮೦೩

ಪ್ರೀತಿಯ ಮಗಳು ಕೆಜಾಯಾಗೆ,

ನಿನ್ನ ಕಾಗದ ಬಂದು ಆರು ವಾರವಾಯಿತು. ಮೂರು ಸಲ ಉತ್ತರ ಬರೆಯಲು ಕುಳಿತು ಮೂರು ಸಲವೂ ಎದ್ದುಬಿಟ್ಟೆ, ಬೇಸರಿಸಬೇಡ. ಮಗುವಿಗೆ ಹಲ್ಲು ಬಂದದ್ದನ್ನು ನೆರೆಯವರಿಗೆಲ್ಲ ಸಾರಿದ್ದೇನೆ.

ನಿನ್ನ ಅಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ಗಿರಣಿಯ ಓಬೆಡ್ ಹಳ್ಳದಾಚೆಯ ನಮ್ಮ ಹುಲ್ಲುಗಾವಲಿಗೆ ಬೇಲಿ ಹಾಕಿಸಿದ. ಕೇಳಿದರೆ, "ಆರು ವರ್ಷದ ಹಿಂದೇನೇ ಕೊಂಡ್ಕೊಂಡಿದ್ದೀನಲ್ಲಮ್ಮ, ನೀವೇ ಸಹಿ ಹಾಕಿದ್ದೀರಿ! ಯಜಮಾನರು ಇರೋವರೆಗೂ ನಿಮ್ಮ ದನ ಮೇಯ್ಲಿ ಅಂತ ಬಿಟ್ಟಿದ್ದೆ" ಎಂದ. ಅದು ನನ್ನ ತಂದೆ ನನಗೆ ಕೊಟ್ಟ ನೆಲ. ನಾನು ಒಪ್ಪದೆ ನಿನ್ನ ಅಪ್ಪನೂ ಅದನ್ನು ಮಾರುವಂತಿರಲಿಲ್ಲ.

ನನ್ನ ಅನುಮಾನ ನೇರ ನಿನ್ನ ಚಿಕ್ಕಪ್ಪ ಈನಕನ ಮೇಲೆ ಹೋಯಿತು. ಮನೆತನದ ಕಾಗದಪತ್ರಗಳ ಪೆಟ್ಟಿಗೆ ಇದ್ದದ್ದು ಅವನ ಬಳಿ. ಅವನು ನಕ್ಕ: "ವಯಸ್ಸಾಯ್ತು ಬಿಡಿ ಅತ್ತಿಗೆ, ಹಾಕಿದ ಸಹೀನೇ ಮರೆತುಬಿಟ್ರಾ?"

"ವಯಸ್ಸು ನನಗೆ, ಕಳ್ಳಬುದ್ಧಿ ಯಾರಿಗೋ! ಪೆಟ್ಟಿಗೆ ಈಚೆ ಇಡಪ್ಪ," ಎಂದೆ.

ನಾಲ್ಕು ದಿನ ಕಟ್ಟುಗಳನ್ನು ಬಿಚ್ಚಿದೆ. ನಿನ್ನ ಅಜ್ಜನ ಉಯಿಲು, ಗಡಿ ಜಗಳದ ತೀರ್ಪು, ನಮ್ಮ ಮದುವೆಯ ಪತ್ರ. ತಳದಲ್ಲಿ ನಿನ್ನ ಅಪ್ಪ ಓಬೆಡ್‌ಗೆ ಬರೆದುಕೊಟ್ಟ ಕ್ರಯಪತ್ರದ ಜೋಡಿ ಪ್ರತಿ. ಹೆಂಡತಿಯನ್ನು ಗಂಡನಿಂದ ದೂರ, ಬೇರೆ ಕೋಣೆಯಲ್ಲಿ ವಿಚಾರಿಸಲಾಗಿ ತಾನಾಗಿಯೇ ಒಪ್ಪಿದಳು ಎಂದು ಬರೆದಿತ್ತು. ಕೆಳಗೆ ನನ್ನ ಹೆಸರಿನ ಸಹಿ.

ಅದನ್ನು ಹಿಡಿದು, ಆ ವಿಚಾರಣೆ ಮಾಡಿದ್ದ ಮುದಿ ನ್ಯಾಯಾಧೀಶರ ಮನೆಗೇ ಹೋದೆ. ಅವರಿಗೆ ಆ ಕಾಲಕ್ಕೇ ಕಣ್ಣು ಮಂಜಾಗಿತ್ತು. "ನೀವೇ ಬಂದಿದ್ರಿ ಕಣಮ್ಮ. ಮುಖ ಟೋಪಿ ಒಳಗಿತ್ತು, ಧ್ವನಿ ಮಾತ್ರ ಇದೇ. ಬಲವಂತ ಏನೂ ಇಲ್ಲ ಅಂತ ಹೇಳಿ ಅತ್ತುಬಿಟ್ರಿ," ಎಂದರು.

ಮನೆಗೆ ಬಂದು ಆ ಪತ್ರವನ್ನು ಮತ್ತೆ ಬಿಡಿಸಿ ಬಹಳ ಹೊತ್ತು ನೋಡಿದೆ. ಮರುದಿನ ಈನಕನ ಕ್ಷಮೆ ಕೇಳಿದೆ, ನೆಲ ನಿನ್ನದೇ ಎಂದು ಓಬೆಡ್‌ಗೆ ಹೇಳಿ ಕಳಿಸಿದೆ. "ಏನಾಯ್ತು ಅತ್ತಿಗೆ?" ಎಂದು ಈನಕ ಗಾಬರಿಯಾದ. ಮರೆತಿದ್ದೆ, ಈಗ ನೆನಪಾಯಿತು ಎಂದೆ.

ಮಗುವನ್ನು ಗಾಳಿಗೆ ಒಡ್ಡಬೇಡ. ನಿನ್ನ ಮನೆ ತಣ್ಣಗಿರಲಿ, ದೇವರು ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅಮ್ಮ,
ಟೇಮರ್ ಪೆನಕ್

ಮರೆತ ಮಾತು: ಆ ಸಹಿಯ ಕೊನೆಯ ಅಕ್ಷರದ ಬಾಲ ಮೇಲಕ್ಕೆ ಸುತ್ತಿದೆ. ನಾನು ಹಾಗೆ ಬರೆಯುವುದಿಲ್ಲ, ನೀನು ಬರೆಯುತ್ತೀಯ. ಪತ್ರದಲ್ಲಿರುವ ತಾರೀಕಿನ ವಾರ ನಾನು ನಿನ್ನ ಚಿಕ್ಕಮ್ಮನ ಬಾಣಂತನಕ್ಕೆ ಹೋಗಿದ್ದೆ, ನಿನಗಾಗ ಹದಿನೇಳು. ಆಮೇಲೆ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಹಾಲು ಕರೆದೆ, ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಪ್ಪನಿಗೆ ಹೆದರಿ ನನ್ನ ಸಹಿ ಹಾಕಿದೆಯೆಂದರೆ ನಂಬುತ್ತೇನೆ. ನನಗೆ ಯಾಕೆ ಹೆದರಿದೆ, ಕೆಜಾಯಾ?