ನನ್ನ ಮಗನ ಹೆಸರು

ಸಾನ್ ಪೆದ್ರೊ ದೆ ಮಕೊರಿಸ್
27 ಮಾರ್ಚ್ 2008

ಪ್ರೀತಿಯ ವಿಲ್ಕಿನ್,

ದೊಡ್ಡಮ್ಮನ ಆಶೀರ್ವಾದಗಳು. ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಕೇಳಿದ್ದು ನ್ಯಾಯಾಧೀಶರಿಗೆ ಒಂದು ಪತ್ರ, ಅದೂ ವಾರದೊಳಗೆ. ನಾನು ಮೂರು ವಾರ ಬಿಟ್ಟು ನಿನಗೆ ಬರೆಯುತ್ತಿದ್ದೇನೆ. ಹನ್ನೊಂದು ವರ್ಷದ ಮೇಲೆ ನಿನ್ನನ್ನು ನಿನ್ನ ಸ್ವಂತ ಹೆಸರಿನಿಂದ ಕರೆದೆ ನೋಡು, ಬರೆಯುವಾಗ ನನಗೇ ಹೊಸದೆನಿಸಿತು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ರಕ್ತದೊತ್ತಡ ಏರಿ ಎರಡು ದಿನ ಮಲಗಿದ್ದಳು. ಆಮೇಲೆ ಎದ್ದು ಈಸ್ಟರಿಗೆ ಕೆಂಪು ಕಾಳಿನ ಪಾಯಸ ಕಾಯಿಸಿ ಬೀದಿಗೆಲ್ಲ ಹಂಚಿದಳು. ನಿನ್ನ ಪಾಲಿನದನ್ನು ನಾನೇ ತಿಂದೆ. ನಾನು ಮಕ್ಕಳ ಬೇಸ್‌ಬಾಲ್ ತಂಡದ ಅಂಗಿಗಳನ್ನು ಹೊಲಿಯುತ್ತಿದ್ದೇನೆ, ಕಣ್ಣು ಮೊದಲಿನಂತಿಲ್ಲ.

ನಿನ್ನ ಸುದ್ದಿ ನೋಡಿದ್ದು ಚೆಪೆಯ ಅಂಗಡಿಯ ಟಿವಿಯಲ್ಲಿ. ಫ್ಲೋರಿಡಾದ ಪೊಲೀಸರು ತೆಗೆದ ಫೋಟೊ, ಊದಿದ ಮುಖ, ಕೆಳಗೆ "ಎಲಾಡಿಯೋ ಕೊರ್ಪೊರಾನ್, ಕುಡಿದು ಕಾರು ಓಡಿಸಿ ಬಂಧನ" ಎಂಬ ಅಕ್ಷರ. ಚೆಪೆ ನನ್ನನ್ನು ಗಮನಿಸಿರಲಿಲ್ಲ. "ಅಲ್ರಯ್ಯ, ಗಂಟೆಗೆ ನೂರೈವತ್ತು ಕಿಲೋಮೀಟರ್ ಸ್ಪೀಡಲ್ಲಿ ಬರೋ ಚೆಂಡು ಕಾಣುತ್ತೆ, ನಿಂತಲ್ಲೇ ನಿಂತಿರೋ ದೀಪದ ಕಂಬ ಕಾಣಲ್ವಾ ಇವನಿಗೆ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ನನ್ನನ್ನು ನೋಡಿ ಟಿವಿ ಆರಿಸಿದ. "ತಪ್ಪಾಯ್ತು ಕಣಕ್ಕ, ಬಾಯಿ ಜಾರ್ತು" ಎಂದ. ಅದು ಯಾರ ಹೆಸರೆಂದು ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ?

ನಿನಗೆ ಮರೆತಿರಬಹುದು, ನಾನು ನೆನಪಿಸುತ್ತೇನೆ. ನಿನಗೆ ಹದಿನೆಂಟು ತುಂಬಿದಾಗ ಯಾವ ಬೇಸ್‌ಬಾಲ್ ಕ್ಲಬ್ಬೂ ನಿನ್ನನ್ನು ಕೇಳಲಿಲ್ಲ. "ಹದಿನಾರಾದ್ರೆ ಚಿನ್ನ, ಹದಿನೆಂಟಾದ್ರೆ ತಗಡು" ಎಂದ ನಿನ್ನ ತರಬೇತುದಾರ. ನನ್ನ ಎಲಾಡಿಯೋ ನಿನಗಿಂತ ಎರಡು ವರ್ಷ ಚಿಕ್ಕವನು. ಹನ್ನೊಂದನೇ ವಯಸ್ಸಿಗೆ ಜ್ವರ ಬಂದು ಹೋದ. ಕಚೇರಿಗೆ ಹೋಗಿ ಅವನು ಸತ್ತನೆಂದು ಬರೆಸಲು ನನಗೆ ಕಾಲು ಏಳಲಿಲ್ಲ, ಹಾಗಾಗಿ ಕಾಗದದಲ್ಲಿ ಅವನು ಬದುಕಿಯೇ ಇದ್ದ. ನಿನ್ನ ಅಮ್ಮ ಬಂದು ನನ್ನ ಕೈ ಹಿಡಿದು ಅತ್ತಳು. ಪೆಟ್ಟಿಗೆಯಿಂದ ಅವನ ಜನನಪತ್ರ ತೆಗೆದು ಕೊಟ್ಟೆ, ಕ್ಲಬ್ಬಿನ ಕಾಗದಕ್ಕೆ ನಿನ್ನ ತಾಯಿಯೆಂದು ಸಹಿಯನ್ನೂ ಹಾಕಿದೆ. ಬದಲಿಗೆ ಕೇಳಿದ್ದು ಒಂದೇ. ನೀನು ಅವನ ಫೋಟೊದ ಮೇಲೆ ಕೈಯಿಟ್ಟು, "ಈ ಹೆಸರಿಗೆ ಹೆಂಡ ಮುಟ್ಟಿಸಲ್ಲ ದೊಡ್ಡಮ್ಮ, ನಿನ್ನಾಣೆ" ಅಂದೆ.

ರೇಡಿಯೊದಲ್ಲಿ ಎಲಾಡಿಯೋ ಬ್ಯಾಟ್ ಹಿಡಿದು ಬಂದ ಎಂದು ಕೂಗಿದಾಗಲೆಲ್ಲ ನನ್ನ ಹೊಲಿಗೆ ನಿಲ್ಲುತ್ತಿತ್ತು. ನನ್ನ ಮಗ ಅಲ್ಲಿ ಇಪ್ಪತ್ತು ದಾಟಿದ, ಇಪ್ಪತ್ತೈದು ದಾಟಿದ. ಹುಚ್ಚು ಎನ್ನು, ಆದರೆ ನನಗೆ ಸುಖವಾಗಿತ್ತು.

ಮೂರು ವಾರದ ಹಿಂದೆ ನಿನ್ನ ಏಜೆಂಟ್ ಲುಗೋ ಬಂದಿದ್ದ. ಕಾಗದ ಅಚ್ಚಾಗಿಯೇ ಬಂದಿತ್ತು: "ನನ್ನ ಮಗ ಎಲಾಡಿಯೋ ಕುಡುಕನಲ್ಲ, ಇದು ಅವನ ಮೊದಲ ತಪ್ಪು." ಲುಗೋ ಪೆನ್ನು ಚಾಚಿದ. "ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮ, ಹೆತ್ತೋಳು ಬರೆದ್ರೆ ಜಡ್ಜ್ ಕರಗ್ತಾರೆ. ಹೋದ ಸಲ ಕ್ಲಬ್ಬಿನೋರು ಭುಜದ ನೋವು ಅಂತ ಹೇಳಿ ಮುಚ್ಚಿಹಾಕಿದ್ರು, ಈ ಸಲ ಆಗ್ಲಿಲ್ಲ."

"ಹೋದ ಸಲ ಅಂದ್ರೆ?" ಎಂದೆ. ಅವನು ನಾಲಿಗೆ ಕಚ್ಚಿಕೊಂಡ.

ಆ ಭುಜಕ್ಕಾಗಿ ನಾನು ಇಗ್ವೆಯ್‌ನ ಚರ್ಚಿಗೆ ಬಸ್ಸು ಹತ್ತಿ ಹೋಗಿದ್ದೆ ವಿಲ್ಕಿನ್. ಮಾತೆಯ ಮುಂದೆ ಮಂಡಿಯೂರಿ ಸಾಗಿ, ಮೇಣದ ತೋಳನ್ನು ಹರಕೆಗೆ ಒಪ್ಪಿಸಿ ಬಂದೆ. ನೀನಾದರೋ ಫೋನಿನಲ್ಲಿ "ಈಗ ನೋವು ಕಮ್ಮಿ ದೊಡ್ಡಮ್ಮ" ಅಂದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಅವತ್ತೇ ನೀನು ಫೋನ್ ಮಾಡಿದೆ. ಆಶೀರ್ವಾದವನ್ನೂ ಕೇಳದೆ ನೇರ ವಿಷಯಕ್ಕೆ ಬಂದೆ. "ಒಂದು ಸಹಿ ತಾನೆ? ನನ್ನ ಕೆಲಸ ಹೋಗುತ್ತೆ. ಸತ್ತೋನಿಗೆ ಎಂಥ ಮಾನ ದೊಡ್ಡಮ್ಮ?" ಅಂದೆ. ನಾನು ಫೋನ್ ಇಟ್ಟುಬಿಟ್ಟೆ.

ಸಹಿ ಹಾಕುವುದಿಲ್ಲ. ಅವನ ತಾಯಿಯಾಗಿ ಒಂದು ಸುಳ್ಳು ಸಹಿ ಆಗಲೇ ಹಾಕಿದ್ದೇನೆ, ಪಾಪ ಅಷ್ಟು ಸಾಕು. ನೀನು ಕಟ್ಟಿಸಿಕೊಟ್ಟ ಸೂರಿನ ಕೆಳಗೇ ಕೂತು ಇದನ್ನು ಬರೆಯುತ್ತಿದ್ದೇನೆ, ಅದನ್ನೂ ಮರೆತಿಲ್ಲ.

ನೀನು ಕೇಳದಿದ್ದರೂ ಹೇಳುತ್ತೇನೆ, ದೇವರು ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾರಿನ ಕೀಲಿ ಯಾರಿಗಾದರೂ ಕೊಟ್ಟುಬಿಡು.

ನಿನ್ನ ದೊಡ್ಡಮ್ಮ,
ತೊಮಾಸಿನಾ

ತಾ.ಕ.: ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನೀನು ಕ್ಲಬ್ಬಿಗೆ ಸೇರುವಾಗ ನಿನ್ನ ತರಬೇತುದಾರ, "ವಿಚಾರಣೆಗೆ ಬರೋರು ಸ್ಮಶಾನಾನೂ ಬಿಡಲ್ಲ" ಎಂದಿದ್ದ. ಆ ಸಂಜೆ ಅಡುಗೆಮನೆಯ ಚಾಕು ಒಯ್ದು ಎಲಾಡಿಯೋನ ಶಿಲುಬೆಯ ಮೇಲಿದ್ದ ಹೆಸರನ್ನು ನನ್ನ ಕೈಯಾರೆ ಕೆರೆದು ತೆಗೆದೆ. ಹನ್ನೊಂದು ವರ್ಷ ಸತ್ತವರ ಹಬ್ಬಕ್ಕೆ ಹೂವಿಟ್ಟೆ, ಯಾರೋ ಅನಾಥ ಮಗುವಿಗೆ ಇಟ್ಟಂತೆ. ನಿನ್ನೆ ಹೋಗಿ ಅವನ ಹೆಸರನ್ನು ಕಪ್ಪು ಬಣ್ಣದಲ್ಲಿ ಮತ್ತೆ ಬರೆದು ಬಂದೆ. ಹುಟ್ಟಿದ ವರ್ಷವನ್ನೂ ತೀರಿಕೊಂಡ ವರ್ಷವನ್ನೂ ಬರೆದಿದ್ದೇನೆ. ಕ್ಲಬ್ಬಿನವರು ಬಂದು ಕೇಳಿದರೆ ದಾರಿ ನಾನೇ ತೋರಿಸುತ್ತೇನೆ.